ಕೊಳ್ಳುವ ಮುನ್ನ, ಎಸೆಯುವ ಮುನ್ನ

ಸಾರಕ್ಕಿಯಂತಹ ಬಾಡಿಗೆದಾರರ ಬಡಾವಣೆಯಲ್ಲಿ ಮನೆ ಬದಲಾಯಿಸುವವರು ವರ್ಷವಿಡೀ ಇರುತ್ತಾರೆ. ಹೋಗುವಾಗ ಗಾಡಿಯಲ್ಲಿ ಜಾಗವಿಲ್ಲವೆಂದೋ, ಕೆಟ್ಟಿದೆಯೆಂದೋ ಅವರು ಮೆಟ್ಟಿಲ ಕೆಳಗೆ ಬಿಟ್ಟುಹೋಗುವ ವಸ್ತುಗಳಲ್ಲಿ ಬಟ್ಟೆ ಒಗೆಯುವ ಯಂತ್ರಕ್ಕೆ ಮೊದಲ ಸ್ಥಾನ. ಅಂತಹ ಯಂತ್ರಗಳಲ್ಲಿ ಹೆಚ್ಚಿನವು ಸತ್ತಿರುವುದಿಲ್ಲ, ಸಣ್ಣ ಕಾಯಿಲೆಯಿಂದ ಮಲಗಿರುತ್ತವೆ ಎಂಬುದು ಕೆಲವು ವರ್ಷಗಳ ಒಡನಾಟದಿಂದ ನಾನು ಕಂಡುಕೊಂಡ ಮಾತು.

ವ್ಯಾಕರಣ, ಷಟ್‌ಸ್ಥಲಗಳನ್ನು ಓದಿದವನಿಗೆ ಈ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಮನೆಯವರಿಗೆ ಭುಜದ ನೋವು ಬಂದು, ಬಟ್ಟೆ ಹಿಂಡಕೂಡದೆಂದು ವೈದ್ಯರು ಹೇಳಿದ ಮೇಲೆ ಗೊಡವೆ ತಾನಾಗಿಯೇ ಬಂತು. ಹೊಸ ಯಂತ್ರ ಕೊಳ್ಳುವಷ್ಟು ನಿವೃತ್ತಿ ವೇತನ ನನ್ನದಲ್ಲ. ಮೇಲ್ಮನೆಯ ದಂಪತಿಗಳು ಊರಿಗೆ ಹೊರಟಾಗ ಅವರ ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಯಂತ್ರವನ್ನು 2,500 ರೂಪಾಯಿಗೆ ಕೊಂಡೆ. ಮಠದ ಬಾವಿಕಟ್ಟೆಯ ಕಲ್ಲಿನ ಮೇಲೆ ಬಟ್ಟೆ ಒಗೆದು ಬೆಳೆದವರು ಯಂತ್ರವನ್ನು ಸೋಮಾರಿತನವೆಂದು ಜರೆಯುವುದುಂಟು. ಕಲ್ಯಾಣದಲ್ಲಿ ಶರಣರ ಬಟ್ಟೆಗಳನ್ನು ಮಡಿಮಾಡುವುದನ್ನೇ ಕಾಯಕವಾಗಿಸಿಕೊಂಡ ಮಡಿವಾಳ ಮಾಚಿದೇವರನ್ನು ಸ್ಮರಿಸುವ ನಾವು, ಮನೆಯೊಳಗೆ ಆ ಶ್ರಮವನ್ನೆಲ್ಲ ಹೆಂಗಸರ ತೋಳಿಗೇ ಬಿಟ್ಟಿದ್ದೇವಲ್ಲ, ಅದನ್ನು ಜರೆಯುವವರು ಕಡಿಮೆ.

ನಮ್ಮ ಬೀದಿಯಲ್ಲಿ ಒಬ್ಬ ತಾಯಿಯವರಿದ್ದಾರೆ. ಗಂಡನನ್ನು ಕಳೆದುಕೊಂಡು, ಹೊಲಿಗೆಯಿಂದ ಇಬ್ಬರು ಮಕ್ಕಳನ್ನು ಓದಿಸುತ್ತಿರುವವರು. ಅವರ ಯಂತ್ರ ಗುಂಯ್‌ಗುಡುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಬಂದು ನೋಡಿದವನೊಬ್ಬ ಮೋಟರು ಸುಟ್ಟಿದೆ, 3,200 ರೂಪಾಯಿ ಆಗುತ್ತದೆ ಎಂದು ಹೇಳಿಹೋದ. ಅದು ಆ ಮನೆಯ ಒಂದು ತಿಂಗಳ ದಿನಸಿಯ ಹಣ. ಗುಜರಿಗೆ ಹಾಕಿಬಿಡುತ್ತೇನೆ ಎಂದು ಅವರು ಹೇಳಿದಾಗ, ಒಂದು ದಿನ ತಡೆಯಿರಿ ತಾಯಿ ಎಂದು, ಸಾರಕ್ಕಿ ಮಾರುಕಟ್ಟೆಯ ಬಳಿಯ ಓಣಿಯಲ್ಲಿ ಚಿಕ್ಕ ಅಂಗಡಿ ಇಟ್ಟಿರುವ ಕೊಪ್ಪಳದ ಕಡೆಯ ಹುಡುಗನನ್ನು ಕರೆತಂದೆ. ಅವನು ಪ್ಲಗ್ ಕಿತ್ತು, ತೊಟ್ಟಿಯ ತಳದ ಚಕ್ರವನ್ನು ಕೈಯಿಂದ ತಿರುಗಿಸಿದ. ಸಲೀಸಾಗಿ ತಿರುಗಿತು. ಹಿಂಬದಿಯ ತಗಡು ಬಿಚ್ಚಿ, ಮೀಟರ್ ಹಿಡಿದು ನೋಡಿ, "ಗುರುಗಳ, ಮೋಟರ್ ಚಲೋ ಐತ್ರಿ. ಕೆಪಾಸಿಟರ್ ಅಷ್ಟ ಹೋಗೇತಿ" ಎಂದ. ಕೆಪಾಸಿಟರಿಗೆ 180, ಅವನ ಕೂಲಿ 250. ಅಂದೇ ಸಂಜೆ ಆ ಮನೆಯ ತಂತಿಯ ಮೇಲೆ ಮಕ್ಕಳ ಶಾಲೆಯ ಸಮವಸ್ತ್ರ ಒಣಗುತ್ತಿತ್ತು.

ಕೆಪಾಸಿಟರೆಂದರೆ ಮೋಟರಿಗೆ ಮೊದಲ ನೂಕು ಕೊಡುವ ಡಬ್ಬಿ. ಎರಡು ತೊಟ್ಟಿಯ ಅನೇಕ ಯಂತ್ರಗಳಲ್ಲಿ ಒಗೆಯುವ ಮೋಟರಿಗೆ 10, ಹಿಂಡುವ ಮೋಟರಿಗೆ 5 ಮೈಕ್ರೋಫ್ಯಾರಡ್ ಎಂದು ಅದರ ಮೇಲೆ ಬರೆದಿರುತ್ತದೆ. ಹಳೆಯದರ ಮೇಲಿರುವ ಅಂಕಿಯದನ್ನೇ ತರಬೇಕು. ಅದು ಬಲ ಕಳೆದುಕೊಂಡಾಗ ಮೋಟರು ಗುಂಯ್‌ಗುಟ್ಟುತ್ತ ನಿಂತಲ್ಲೇ ಕಾಯುತ್ತದೆ. ಆಗಲೇ ಸ್ವಿಚ್ ಆರಿಸಿದರೆ ಬದುಕುತ್ತದೆ. ನೋಡೋಣವೆಂದು ಬಿಟ್ಟರೆ ನಿಜವಾಗಿಯೂ ಸುಡುತ್ತದೆ. ಮೋಟರಿನ ಸದ್ದು ಸರಿಯಾಗಿದ್ದು ಚಕ್ರ ಮಾತ್ರ ನಿಂತಿದ್ದರೆ ಬೆಲ್ಟ್ ಜಾರಿದೆ ಅಥವಾ ಸವೆದಿದೆ ಎಂದು ಮೊದಲು ಶಂಕಿಸಬೇಕು. ಕೈಯಿಂದಲೂ ಚಕ್ರ ತಿರುಗದಿದ್ದರೆ ಅದರಡಿಯಲ್ಲಿ ಗುಂಡಿಯೋ ನಾಣ್ಯವೋ ಮಗುವಿನ ಕಾಲುಚೀಲವೋ ಸಿಕ್ಕಿರುವುದುಂಟು. ತೊಟ್ಟಿಯಲ್ಲಿ ನೀರು ನಿಲ್ಲದೆ ಹರಿದುಹೋಗುತ್ತಿದ್ದರೆ ಡ್ರೈನ್ ವಾಲ್ವಿನ ಬಾಯಿಯಲ್ಲಿ ಕೂದಲು ಕಸ ಕೂತಿರುತ್ತದೆ. ಬಿಚ್ಚಿ ತೊಳೆದರೆ ಸಾಕು, ಖರ್ಚೇ ಇಲ್ಲ.

ಹಿಂಡುವ ತೊಟ್ಟಿಯ ವಿಚಾರ ತುಸು ಸೂಕ್ಷ್ಮ. ಮುಚ್ಚಳ ತೆರೆದರೆ ಬ್ರೇಕು ಹಿಡಿಯುತ್ತದೆ, ಮುಚ್ಚಿದರೆ ಬಿಡುತ್ತದೆ. ಬ್ರೇಕಿನ ತಂತಿ ಕೆಟ್ಟಾಗ ಮುಚ್ಚಿದರೂ ಹಿಡಿತ ಬಿಡದೆ ಸುಟ್ಟ ವಾಸನೆ ಬರುತ್ತದೆ. ತೊಟ್ಟಿಯ ಅಡಿಯ ರಬ್ಬರು ಹರಿದರೆ ಸಾಬೂನಿನ ನೀರು ನೇರ ಮೋಟರಿನ ಮೇಲೆ ತೊಟ್ಟಿಕ್ಕುತ್ತದೆ. ಆದ್ದರಿಂದ ಹಳೆಯ ಯಂತ್ರ ಕೊಳ್ಳುವವರು ನೀರು ತುಂಬಿಸಿ, ಒದ್ದೆ ಬಟ್ಟೆ ಹಾಕಿ, ಎರಡನ್ನೂ ಓಡಿಸಿ ನೋಡದೆ ಹಣ ಕೊಡಬಾರದು. ಹಿಂಡುವಾಗ ಬಗ್ಗಿ ಅಡಿಯನ್ನು ನೋಡಿ. ನೀರು ಜಿನುಗಿದರೆ ಬೆಲೆಯಲ್ಲಿ ಅಷ್ಟು ಇಳಿಸಲು ಹೇಳಿ. ತಳ ತೆರೆದಿರುವ ಯಂತ್ರಕ್ಕೆ ಇಲಿಗಳ ಕಾಟವೂ ಉಂಟು. ಮೆಟ್ಟಿಲ ಕೆಳಗೆ ಬಹುದಿನ ಇದ್ದದ್ದಾದರೆ ಅವು ವೈರುಗಳನ್ನು ಕಡಿದಿರುತ್ತವೆ. ಅಡಿಗೆ ತಂತಿಜಾಲರಿ ಬಿಗಿಸುವುದು ಅಗ್ಗದ ಉಪಾಯ.

ಆದರೆ ಒಂದು ಗೆರೆಯನ್ನು ಯಾರೂ ದಾಟಕೂಡದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು. ಅದನ್ನು ಮುಟ್ಟುವ ಕೆಲಸ ಬಲ್ಲವನಿಗೇ ಬಿಡಬೇಕು. ಯಂತ್ರದ ಮೈ ಜುಮ್ಮೆಂದರೆ ಆ ಕ್ಷಣವೇ ನಿಲ್ಲಿಸಿ, ಮೂರು ಕಡ್ಡಿಯ ಪ್ಲಗ್ಗಿಗೆ ಗೋಡೆಯಲ್ಲಿ ನಿಜವಾದ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನನಿಂದ ನೋಡಿಸಬೇಕು. ಹಳೆಯ ಮನೆಗಳಲ್ಲಿ ರಂಧ್ರ ಮೂರಿದ್ದರೂ ಒಳಗೆ ವೈರು ಎರಡೇ ಇರುವುದುಂಟು. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಕೆಲಸ ಮಾಡುವವರು ನಮ್ಮ ಹೆಣ್ಣುಮಕ್ಕಳು; ಇಲ್ಲಿ ಮಾತ್ರ ಮಿತವ್ಯಯ ಸಲ್ಲದು. ಕೂಲಿಯ ವಿಷಯದಲ್ಲೂ ಅಷ್ಟೆ. ಐದೇ ನಿಮಿಷದ ಕೆಲಸವೆಂದು ಆ ಹುಡುಗನ ಕೂಲಿಯಲ್ಲಿ ಚೌಕಾಸಿ ಮಾಡುವುದು ನನಗೆ ಸರಿಕಾಣದು. ಐದು ನಿಮಿಷದಲ್ಲಿ ಕಾಯಿಲೆ ಹಿಡಿಯುವುದಕ್ಕೇ ಅವನಿಗೆ ಕೂಲಿ.

ಇನ್ನು ನೀರು. ತೊರೆಕಾಡನಹಳ್ಳಿಯಿಂದ ಕಾವೇರಿ ಎಷ್ಟೋ ಎತ್ತರ ಏರಿ ಬರುತ್ತಿದ್ದರೂ, ನಮ್ಮ ಕಡೆಯ ಸಂಪುಗಳಲ್ಲಿ ಅದರ ಜೊತೆ ಕೊಳವೆಬಾವಿಯ ಗಡಸು ನೀರೂ ಸೇರುತ್ತದೆ. ಆ ನೀರಿನಲ್ಲಿ ಸಾಬೂನು ನೊರೆಗಟ್ಟದು, ತೊಟ್ಟಿಯ ಒಳಗೆ ಬಿಳಿಯ ಹಕ್ಕಳೆ ಕಟ್ಟುತ್ತದೆ. ಎರಡು ತಿಂಗಳಿಗೊಮ್ಮೆ ಬಟ್ಟೆಯಿಲ್ಲದೆ, ಉಗುರುಬೆಚ್ಚಗಿನ ನೀರಿಗೆ ನಾಲ್ಕು ಚಮಚ ನಿಂಬೆ ಉಪ್ಪು ಹಾಕಿ ತಿರುಗಿಸಿ, ಅರ್ಧ ಗಂಟೆ ಬಿಟ್ಟು ಚೆಲ್ಲಿದರೆ ಹಕ್ಕಳೆ ಕರಗುತ್ತದೆ. ಬ್ಲೀಚನ್ನು ಅದರೊಡನೆ ಎಂದಿಗೂ ಸೇರಿಸಬಾರದು, ವಿಷಗಾಳಿ ಏಳುತ್ತದೆ.

ತಳದ ತಗಡು ತುಕ್ಕು ಹಿಡಿದು ಕಾಲು ನಿಲ್ಲದಂತಾದ ಯಂತ್ರಕ್ಕೆ, ಎರಡೂ ಮೋಟರು ಸುಟ್ಟ ಯಂತ್ರಕ್ಕೆ ಹಣ ಸುರಿಯುವುದು ಬೇಡ. ಅದನ್ನು ವೈರು ಸುಟ್ಟು ತಾಮ್ರ ತೆಗೆಯುವವರ ಕೈಗೆ ಕೊಡದೆ, ಪರವಾನಗಿ ಪಡೆದ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಬೇಕು. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಒಗೆಯುವ ಯಂತ್ರವೂ ಸೇರಿದೆ. ಕೊಡುವ ಮುನ್ನ ಟೈಮರು, ಬೆಲ್ಟು, ಪೈಪುಗಳು ಚೆನ್ನಾಗಿದ್ದರೆ ಓಣಿಯ ರಿಪೇರಿ ಅಂಗಡಿಯವರನ್ನು ಒಮ್ಮೆ ಕೇಳಿ ನೋಡಿ. ಇನ್ನಾರದೋ ಮನೆಯ ಯಂತ್ರ ಅವುಗಳಿಗಾಗಿ ಅಲ್ಲಿ ಕಾದಿರುತ್ತದೆ.