ಛಾವಣಿಯ ಬಾಡಿಗೆದಾರರು

ನಮ್ಮ ಹುಲಿಹೈದರದ ಕಡೆಯ ಹಳಬರು ತಾವರಗೇರಾ, ಮುದಗಲ್ಲು ದಾಟಿ ಲಿಂಗಸುಗೂರಿಗೆ ಹೊರಟರೆ ‘ಛಾವಣಿಗೆ ಹೋಗಿ ಬರ್ತೀನಿ’ ಎನ್ನುತ್ತಾರೆ. ಲಿಂಗಸುಗೂರು ಎಂಬ ಹೆಸರನ್ನು ಬಸ್ಸಿನ ಬೋರ್ಡಿಗೂ ಕೋರ್ಟಿನ ಕಾಗದಕ್ಕೂ ಬಿಟ್ಟುಕೊಟ್ಟಿದ್ದಾರೆ. ಮೂಲದ ಊರು ಕಸಬಾ ಲಿಂಗಸುಗೂರು ಅನ್ನಿಸಿಕೊಂಡು ಪಕ್ಕಕ್ಕೆ ಸರಿದು ಕೂತಿದೆ. ಛಾವಣಿ ಹಾಕಿದ್ದ ದಂಡು ಎದ್ದುಹೋಗಿ ನೂರು ವರ್ಷದ ಮೇಲಾಯಿತು, ಹೆಸರು ಮಾತ್ರ ಜಾಗ ಖಾಲಿ ಮಾಡಿಲ್ಲ.

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂದು ಗಾದೆ ಕಟ್ಟಿದವರು ಛಾವಣಿಯ ಸುದ್ದಿ ಎತ್ತಲಿಲ್ಲ. ಲೆಕ್ಕ ಬಲ್ಲವರು ಛಾವಣಿ ನೋಡಬೇಕು ಎಂದು ನಾನು ಸೇರಿಸಿಕೊಳ್ಳುತ್ತೇನೆ. ಅದು ಸಂಬಳ-ಸಾಲದ ಊರು.

ಅಲ್ಲಿ ಬೀಡುಬಿಟ್ಟಿದ್ದದ್ದು ಹೈದರಾಬಾದ್ ಕಂಟಿಂಜೆಂಟ್ ಎಂಬ ಫೌಜು. ಖರ್ಚು ನಿಜಾಮರದು, ಹುಕುಂ ಇಂಗ್ಲಿಷರದು. ಇಂಥ ಚೊಕ್ಕ ಏರ್ಪಾಟು ಬೇರೆಲ್ಲೂ ಸಿಗಲಿಕ್ಕಿಲ್ಲ. ಅದರ ಸವಾರರು ಸಿಲ್ಲೇದಾರರು: ಕುದುರೆಯನ್ನೂ ತಾವೇ ತಂದು, ಅದಕ್ಕೂ ಸೇರಿಸಿ ಸಂಬಳ ಎಣಿಸಿಕೊಳ್ಳುವವರು. ಆ ಸಂಬಳವೇ ಬಾಕಿ ಬಿದ್ದು, ಬಾಕಿ ಸಾಲವಾಗಿ, 1853ರಲ್ಲಿ ನಿಜಾಮರು ಬೇರಾರನ್ನೂ ಧಾರಾಶಿವವನ್ನೂ ಜೊತೆಗೆ ರಾಯಚೂರು ದೋಆಬನ್ನೂ ಕಂಪನಿಗೆ ಬರೆದುಕೊಟ್ಟರು. ಕೃಷ್ಣೆ ತುಂಗಭದ್ರೆಯರ ನಡುವಿನ ಕುಷ್ಟಗಿ, ಗಂಗಾವತಿ ಸೀಮೆಯೂ ಅದರೊಳಗೇ ಬಂತು. ಮನೆಯ ಬಂಗಾರ ಅಡವಿಟ್ಟ ಹಾಗೆ ಊರಿಗೆ ಊರನ್ನೇ ಇಟ್ಟಿದ್ದರು. ದೋಆಬ್ ಬಿಡಿಸಿಕೊಂಡದ್ದು 1860ರಲ್ಲಿ. ಸಜ್ಜೆ ಬೆಳೆದವನು ಕಟ್ಟಿದ ಕಂದಾಯ ಛಾವಣಿಯ ಕುದುರೆಗೆ ಮೇವಾಗುತ್ತದೆಂದು ಅವನಿಗೆ ಯಾರು ಹೇಳಿದ್ದಾರು?

ಆ ಏಳು ವರ್ಷಗಳ ನಡುವೆಯೇ ಬಂಡಾಯದ 1858 ಬಂತು. ಫೆಬ್ರವರಿಯಲ್ಲಿ ಲಿಂಗಸುಗೂರಿನ ದಂಡು ಕ್ಯಾಪ್ಟನ್ ವಿಂಡ್‌ಹ್ಯಾಮನ ಕೈಕೆಳಗೆ ಸುರಪುರಕ್ಕೆ ನಡೆಯಿತು. ರಾಜಾ ವೆಂಕಟಪ್ಪನಾಯಕನ ಬೇಡರು 7ರ ರಾತ್ರಿ ಅದರ ಮೇಲೆ ಬಿದ್ದರು. ಮಾರನೆಯ ದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಸುರಪುರ ಮಾತ್ರ ಉಳಿಯಲಿಲ್ಲ. ಮೇ ಕೊನೆಗೆ ಮುಂಡರಗಿ ಭೀಮರಾಯರು ಕೊಪ್ಪಳದ ಕೋಟೆ ಹಿಡಿದರು. ಜೂನ್ 1ರಂದು ಅವರೂ ಹಮ್ಮಿಗೆಯ ಕೆಂಚನಗೌಡರೂ ಅಲ್ಲೇ ಬಿದ್ದರು. ನಮ್ಮದೇ ದುಡ್ಡಿನ ದಂಡು ನಮ್ಮ ನೆರೆಯವರ ಮೇಲೆ ಏರಿಹೋದ ವರ್ಷ ಅದು. ಹಾಗೆಂದು ಛಾವಣಿಯ ಮೇಲೆ ಈಗ ಸಿಟ್ಟು ಬರುವುದೂ ಇಲ್ಲ. ಕೂಲಿಗೆ ಬಂದ ಸಿಪಾಯಿಯ ಮೇಲೆ ಎಷ್ಟೆಂದು ಮುನಿಯುವುದು?

1903ರಲ್ಲಿ ಕಂಟಿಂಜೆಂಟ್ ಎಂಬುದೇ ಇಲ್ಲವಾಯಿತು. ಅದರ ಪಲ್ಟನ್ನುಗಳನ್ನು ಹಿಂದೂಸ್ತಾನದ ಸೈನ್ಯದೊಳಗೆ ಬೆರೆಸಿದರು. ಕಾಲಾಳುಗಳ ಪಲ್ಟನ್ನುಗಳು ಮುಂದೆ ಹೈದರಾಬಾದ್ ರೆಜಿಮೆಂಟ್ ಆಗಿ, 1945ರಲ್ಲಿ ಕುಮಾವೂಂ ರೆಜಿಮೆಂಟ್ ಆದವು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಪಳಗಿದ್ದು ಈ ಸಾಲಿನಲ್ಲಿ. 1947ರ ನವೆಂಬರ್ 3ರಂದು ಬಡ್ಗಾಮಿನಲ್ಲಿ ಮಡಿದು ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮಾ ಕೂಡ ಇದರವರೇ. ರಾಣಿಖೇತದ ಹಿಮದಲ್ಲಿ ಕವಾಯತು ಮಾಡುವ ಈ ರೆಜಿಮೆಂಟಿನ ಹುಡುಗರಿಗೆ ನಮ್ಮ ಬಿಸಿಲಿನ ಛಾವಣಿ ದೂರದ ನೆಂಟ.

ಸಿಪಾಯಿಗಳ ಜೊತೆಗೆ ಛಾವಣಿಯಲ್ಲಿ ಕಾರಕೂನರೂ ಇದ್ದರು. ಲಿಂಗಸುಗೂರು 1905ರವರೆಗೆ ಜಿಲ್ಲೆಯಾಗಿತ್ತು. ಸುರಪುರ, ಶಹಾಪುರ, ಸಿಂಧನೂರು, ಕುಷ್ಟಗಿ, ಗಂಗಾವತಿಗಳ ಕಾಗದವೆಲ್ಲ ಅಲ್ಲಿಗೇ ಹೋಗಬೇಕಿತ್ತು. ಜಿಲ್ಲೆಯೂ ಎದ್ದುಹೋಯಿತು. ನಮ್ಮನ್ನು ರಾಯಚೂರಿಗೆ ಸೇರಿಸಿದರು, 1997ರಲ್ಲಿ ಕೊಪ್ಪಳಕ್ಕೆ. ತಾಲ್ಲೂಕೂ ಗಂಗಾವತಿ ಹೋಗಿ ಕನಕಗಿರಿ ಆಯಿತು. ಹೊಲ ಇದ್ದಲ್ಲೇ ಇದೆ, ವಿಳಾಸ ಮಾತ್ರ ಊರೂರು ತಿರುಗಿದೆ.

ಛಾವಣಿಯಲ್ಲಿ ಈಗ ಉಪವಿಭಾಗದ ಸಾಹೇಬರಿದ್ದಾರೆ, ವಕೀಲರಿದ್ದಾರೆ, ಕಾಲೇಜಿನ ಹುಡುಗರಿದ್ದಾರೆ, ಚಹಾದಂಗಡಿಯಲ್ಲಿ ಸಾಲು ಹಿಡಿದು ಕೂತ ಅರ್ಜಿದಾರರಿದ್ದಾರೆ. ಕಾಯಿಸುವ ಶಿಸ್ತನ್ನು ದಂಡಿನವರೇ ಬಿಟ್ಟುಹೋದರೋ ಏನೋ. ಯಾವುದೋ ಒಂದು ಕಚೇರಿಯ ಬಾಗಿಲಲ್ಲಿ ಜವಾನ ‘ಸಾಹೇಬ್ರು ಇನ್ನೂ ಬಂದಿಲ್ರೀ’ ಎಂದಾಗ ನಮ್ಮ ದೊಡ್ಡಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ‘ಆಗಿನವ್ರು ಕುದ್ರಿ ಮ್ಯಾಲೆ ಬರ್ತಿದ್ರಪ್ಪಾ, ಲಗೂನ ಬರ್ತಿದ್ರು’ ಎಂದ.