ಮಿರಗಕ್ಕ ಬರ್ತೀವಿ

ಆಳಂದದ ಬಸ್ ನಿಲ್ದಾಣದಲ್ಲಿ ಪುಣೆ, ಮುಂಬೈ ಕಡೆಗೆ ಗಂಟುಮೂಟೆ ಹೊತ್ತವರ ಬಾಯಲ್ಲಿ ‘ಹೋಗ್ತೀನಿ’ ಎಂಬ ಮಾತು ಬರುವುದಿಲ್ಲ. ‘ಬರ್ತೀನಿ ಯವ್ವಾ’, ‘ಬರ್ತೀವಿ ಮುತ್ಯಾ’ ಎನ್ನುತ್ತಲೇ ಬಸ್ಸು ಹತ್ತುತ್ತಾರೆ. ಹುಡುಗನೊಬ್ಬ ಮರೆತು ‘ಹೋಗ್ತೀನಿ’ ಅಂದರೆ, ‘ಹಂಗ ಅನಬಾರದು, ಬರ್ತೀನಿ ಅನ್ನು’ ಎಂದು ಹಿರಿಯರು ತಿದ್ದುತ್ತಾರೆ. ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳುವುದೂ ಸಲ್ಲ; ‘ದೂರ ಹೊಂಟೀರಿ?’ ಎಂದರೆ ಸಾಕು. ಗಡಿಯಾಚೆಯ ಮರಾಠಿಯವರೂ ಹೊರಡುವಾಗ ‘ಯೇತೋ’, ಅಂದರೆ ಬರುತ್ತೇನೆ, ಎನ್ನುತ್ತಾರೆ. ಪಕ್ಕದ ಅಂಗಡಿಗೆ ಹೋಗುವವನಂತೂ ‘ಈಗ ಬಂದೆ’ ಎಂದು ಹೋಗುವ ಮುನ್ನವೇ ಬಂದುಬಿಡುತ್ತಾನೆ! ದೂರದ ಪೋರ್ಚುಗೀಸರೂ ಬಾಗಿಲು ದಾಟುವಾಗ ‘ಜಾ ವೋಲ್ತು’, ಈಗಲೇ ಮರಳುತ್ತೇನೆ, ಎನ್ನುವುದುಂಟು.

ಆದರೆ ದುಡಿಯಲು ಹೋಗುವವರು ‘ಯಾವಾಗ?’ ಎಂಬುದಕ್ಕೂ ಉತ್ತರ ಕೊಟ್ಟು ಹೋಗಬೇಕು. ಅದಕ್ಕೆ ತಾರೀಖು ಬೇಕಿಲ್ಲ. ಎಳ್ಳಮಾವಾಸ್ಯೆಯ ಚರಗ ಚೆಲ್ಲಿ, ತೊಗರಿ ರಾಶಿ ಮುಗಿಸಿ ಹೊರಟವರು ಹೇಳುವ ಮಾತು ಒಂದೇ: ‘ಮಿರಗಕ್ಕ ಬರ್ತೀವಿ.’ ಜೂನ್ ಮೊದಲ ವಾರ ಹುಟ್ಟುವ ಮೃಗಶಿರಾ ಮಳೆಯೇ ಮಿರಗ. ಮಳೆ ತಡವಾದರೂ ಮಾತು ಸುಳ್ಳಾಗುವುದಿಲ್ಲ. ಬಿತ್ತನೆಗೆ ಕೈ ಸಿಕ್ಕರೆ ಆಯಿತು.

ಅಫಜಲಪುರ ತಾಲ್ಲೂಕಿನ ದೇವಲಗಾಣಗಾಪುರದಲ್ಲಿ ಇಂಥ ಮಾತನ್ನು ದಿನವೂ ಕಾಯುವವರಿದ್ದಾರೆ. ಭೀಮಾ-ಅಮರ್ಜಾ ಸಂಗಮದ ಈ ಊರನ್ನು ಬಿಟ್ಟು ನರಸಿಂಹ ಸರಸ್ವತಿಗಳು ಶ್ರೀಶೈಲಕ್ಕೆ ಹೊರಟಾಗ ಭಕ್ತರು ಗೋಳಾಡಿದರಂತೆ. ಕಣ್ಣಿಗೆ ಕಾಣದಿದ್ದರೂ ಇಲ್ಲೇ ಇರುತ್ತೇನೆ, ನಡುಹಗಲು ಭಿಕ್ಷೆಗೆ ಬರುತ್ತೇನೆ ಎಂದು ಗುರುಗಳು ಸಮಾಧಾನ ಹೇಳಿದರೆಂಬುದು ನಂಬಿಕೆ. ಬರುವವರು ಯಾವ ವೇಷದಲ್ಲಿರುತ್ತಾರೋ ಯಾರು ಬಲ್ಲರು? ಅದಕ್ಕೇ ಮಧ್ಯಾಹ್ನದ ಮಾಧುಕರಿಗೆ ಕೈ ಚಾಚಿದವರನ್ನು ಇಲ್ಲಿ ಬರಿಗೈಯಲ್ಲಿ ಕಳಿಸುವುದಿಲ್ಲ. ಹೇಳಿದ ಹೊತ್ತಿಗೆ ಇಷ್ಟು ಗೌರವ ಕೊಡುವ ಊರು ಅಪರೂಪ.

2020ರಲ್ಲಿ ಮಾತ್ರ ಲೆಕ್ಕ ತಪ್ಪಿತು. ಲಾಕ್‌ಡೌನಿನಿಂದ ಕೆಲಸ ನಿಂತು, ಮಿರಗಕ್ಕೆ ಬರಬೇಕಾದವರು ಮೇ ತಿಂಗಳಲ್ಲೇ ಮಹಾರಾಷ್ಟ್ರದಿಂದ ಕಲಬುರಗಿ ಜಿಲ್ಲೆಗೆ ಬಂದಿಳಿದರು. ಎಷ್ಟೋ ಜನರನ್ನು ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮಾಡಿದರು. ಊರು ಮುಟ್ಟಿದರೂ ಮನೆ ಮುಟ್ಟಲಿಲ್ಲ. ಅದೇ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ, ಅಫಜಲಪುರ, ಜೇವರ್ಗಿಯ ಹೊಳೆದಂಡೆಯವರೇ ಮನೆ ಬಿಟ್ಟು ಏಳಬೇಕಾಯಿತು. ಅವರಿಗೆ ‘ಯಾವಾಗ ಬರ್ತೀವಿ’ ಎಂದು ಹೇಳಲು ನೀರು ಇಳಿಯುವ ಲೆಕ್ಕ ಬಿಟ್ಟರೆ ಬೇರೆ ಇರಲಿಲ್ಲ.

ಈಗ ಕೈಯಲ್ಲಿ ಮೊಬೈಲು ಇದೆ. ವಾರಕ್ಕೆರಡು ಸಲ ಮುಖ ನೋಡಿ ಮಾತಾಡಿದರೂ ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಆಯಿಯ ಹತ್ತಿರ ಉಳಿದ ಮಕ್ಕಳ ಪ್ರಶ್ನೆ ತಪ್ಪಿಲ್ಲ: ‘ಇನ್ನ ಎಷ್ಟು ದಿನ?’ ಆಯಿ ಬೆರಳು ಮಡಿಸುತ್ತಾಳೆ. ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ. ಒಂದೊಂದು ಮಳೆಗೆ 13-14 ದಿನ. ಆಮೇಲೆ ಮಿರಗ. ರೋಹಿಣಿ ಹುಟ್ಟಿತೆಂದರೆ ಮಕ್ಕಳು ಸಂಜೆಯ ಬಸ್ಸಿನ ಸದ್ದಿಗೆ ಅಗಸಿಯತನಕ ಓಡುತ್ತಾರೆ.