ಮಾವನ ಟೋಯಿಂಗ್ ಗಾಡಿ ಮತ್ತು ನಾವು ಮಾಡದ ಟೆಸ್ಟ್

ಮಿನಿ ಪ್ರಾಜೆಕ್ಟ್‌ಗೆ ವಿಷಯ ಸಿಗದೆ ನಾವು ನಾಲ್ವರು ಒದ್ದಾಡುತ್ತಿದ್ದ ಹೊತ್ತಲ್ಲೇ ಮರಿಯಮ್ಮನಹಳ್ಳಿಯಿಂದ ಫೋನ್ ಬಂತು. ನಮ್ಮಲ್ಲೊಬ್ಬನ ಸೋದರಮಾವ ಅಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದಾರೆ. ಆಮೇಲೆ ಅವರು ನಾಲ್ವರಿಗೂ ಮಾವನೇ ಆದರು, ಅದು ಬೇರೆ ಮಾತು. “ಮೆಕ್ಯಾನಿಕಲ್ ಓದಾಕತ್ತೀರಲ್ಲ, ಬಂದು ನೋಡ್ರಿ. ಕೆಟ್ಟ ಗಾಡಿ ಎಳಿಯೋ ಗಾಡೀನೇ ಕೆಟ್ಟು ನಿಂತೈತಿ” ಅಂದರು.

ಮರಿಯಮ್ಮನಹಳ್ಳಿ ಗೊತ್ತಿಲ್ಲದವರಿಗೆ ಹೇಳುವುದಾದರೆ, ಹೊಸಪೇಟೆಯಿಂದ ಚಿತ್ರದುರ್ಗದ ಕಡೆ ಹೊರಟರೆ ಸುಮಾರು 15 ಕಿ.ಮೀ. ದೂರದಲ್ಲಿ ಸಿಗುವ ಊರು. ನಾಟಕಕ್ಕೆ ಹೆಸರಾದ ಊರು. ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 50. ಹಿರಿಯರ ಬಾಯಲ್ಲಿ ಮಾತ್ರ ಇನ್ನೂ ಹಳೇ ನಂಬರ್ 13. ತುಂಗಭದ್ರಾ ಡ್ಯಾಂ ಹತ್ತಿರ ಗುಡ್ಡ ಕೊರೆದು ಮಾಡಿದ ಸುರಂಗ ಇದೆಯಲ್ಲ, ಅದೇ ದಾರಿ. ಗುಡ್ಡದ ಏರು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಅದಿರು ಲಾರಿಗಳ ಓಡಾಟ. ಈ ದಾರಿಯಲ್ಲಿ ಕಾರು ಕೆಟ್ಟು ನಿಂತರೆ ಮಾವನಿಗೆ ಫೋನ್ ಹೋಗುತ್ತದೆ. ಅವರು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಒಂದು ಆಟೋಮ್ಯಾಟಿಕ್ ಎಸ್‌ಯುವಿಗೆ ರಾಡ್ ಹಾಕಿ ಎಳೆದು ತರುತ್ತಾರೆ. ಆ ಗಾಡಿಯ ಸಾಲದ ಕಂತು ಇನ್ನೂ ಮುಗಿದಿರಲಿಲ್ಲ.

ನಾವು ಹೋದಾಗ ಮಾವ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ಎಳೆದು ನಮ್ಮ ಮೂಗಿನ ಹತ್ತಿರ ಹಿಡಿದರು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಅಂದರೆ ಎಟಿಎಫ್, ಹೊಸದಿದ್ದಾಗ ದಾಳಿಂಬೆ ರಸದ ಹಾಗೆ ಕೆಂಪಗಿರುತ್ತದೆ. ಇದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು, ಸೀದ ವಾಸನೆ ಬೇರೆ. ಮಾವ ಮೊದಲಿಂದ ಲಾರಿ, ಟ್ರ್ಯಾಕ್ಟರ್ ಕೆಲಸದವರು. “ಕ್ಲಚ್ ಪೆಡಲೇ ಇಲ್ಲ, ಮತ್ತ ಸೀಯೋದು ಏನು?” ಅಂತ ಕೇಳಿದರು.

ನಾವು ಟಾರ್ಕ್ ಕನ್ವರ್ಟರ್ ಅಂತ ಶುರು ಮಾಡಿ, ಇಂಪೆಲ್ಲರ್, ಟರ್ಬೈನ್, ಸ್ಟೇಟರ್ ಅಂತ ಪಾಠ ಒಪ್ಪಿಸಿದೆವು. ಮಾವ ಸುಮ್ಮನೆ ನಿಂತಿದ್ದರು. ಕೊನೆಗೆ ನಮ್ಮಲ್ಲೊಬ್ಬ ಗ್ಯಾರೇಜಿನ ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರು ಇಟ್ಟ. ಒಂದಕ್ಕೆ ಕರೆಂಟ್ ಕೊಟ್ಟಾಗ ಇನ್ನೊಂದು ತಾನೇ ತಿರುಗಿತು. ಎಂಜಿನ್ ಈ ಫ್ಯಾನು, ಗೇರ್‌ಬಾಕ್ಸ್ ಆ ಫ್ಯಾನು, ನಡುವೆ ಗಾಳಿಯ ಬದಲು ಎಣ್ಣೆ. ಎರಡನೆಯದನ್ನು ಕೈಯಿಂದ ತಡೆದರೂ ಮೊದಲನೆಯದು ತಿರುಗುತ್ತಲೇ ಇರುತ್ತದೆ. ಆ ಜಾರಾಟದಲ್ಲಿ ಕಳೆದುಹೋಗುವ ಶಕ್ತಿಯೆಲ್ಲ ಎಣ್ಣೆಗೆ ಬಿಸಿಯಾಗಿ ಸೇರುತ್ತದೆ. “ಹಂಗಾದ್ರ ಏರಿನಾಗ ಭಾರ ಎಳದ್ರ ಎಣ್ಣಿ ಕುದಿತೈತಿ ಅನ್ರಿ” ಅಂದರು ಮಾವ. ಅಷ್ಟೇ ವಿಷಯ. ನಾವು ಅರ್ಧ ಗಂಟೆ ತಗೊಂಡಿದ್ದೆವು.

ಗ್ಯಾರೇಜಿನ ಗೋಡೆ ಮೇಲೆ ಚಾಕ್‌ನಲ್ಲಿ ಲೆಕ್ಕ ಹಾಕಿದೆವು. ಗಾಡಿ, ಹಿಂದಿನ ಕಾರು ಸೇರಿ 3.3 ಟನ್. ಏರು ಶೇ. 5 ಅಂತ ಹಿಡಿದರೆ, 40 ಕಿ.ಮೀ. ವೇಗದಲ್ಲಿ ಚಕ್ರಕ್ಕೆ ಸುಮಾರು 25 ಕಿಲೋವ್ಯಾಟ್ ಬೇಕು. ಕನ್ವರ್ಟರ್ ದಕ್ಷತೆ ಶೇ. 80 ಇದ್ದರೆ ಎಂಜಿನ್ ಕೊಡಬೇಕಾದ್ದು 31. ಉಳಿದ 6 ಕಿಲೋವ್ಯಾಟ್ ಎಣ್ಣೆಗೆ. ಅಂದರೆ 1000 ವ್ಯಾಟಿನ ಆರು ಇಸ್ತ್ರಿ ಪೆಟ್ಟಿಗೆ ಎಣ್ಣೆಯೊಳಗೆ ಮುಳುಗಿಸಿಟ್ಟ ಹಾಗೆ. ಕೂಲರಿನಿಂದ ವಾಪಸ್ ಬರೋ ಪೈಪನ್ನು ಕ್ಯಾನಿಗೆ ಹಿಡಿದು ನೋಡಿದರೆ 10 ಸೆಕೆಂಡಿಗೆ ಹತ್ತಿರ ಹತ್ತಿರ 1 ಲೀಟರ್ ಎಣ್ಣೆ ಬರುತ್ತಿತ್ತು. ಆ ಹರಿವಿಗೆ 6 ಕಿಲೋವ್ಯಾಟ್ ಸೇರಿದರೆ ಒಂದು ಸುತ್ತಿಗೆ 35 ಡಿಗ್ರಿ ಏರಿಕೆ. ಎಣ್ಣೆಗೆ 80ರಿಂದ 95 ಡಿಗ್ರಿ ಹಿತ. ಅದರಾಚೆ ಪ್ರತಿ 10 ಡಿಗ್ರಿಗೆ ಎಣ್ಣೆ ಹಾಳಾಗುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಅನ್ನೋದು ರೂಢಿಯ ಲೆಕ್ಕ. ಮಲ್ಟಿಮೀಟರಿನ ಥರ್ಮೋಕಪಲ್ ತಂತಿಯನ್ನು ಗೇರ್‌ಬಾಕ್ಸಿನಿಂದ ಹೊರಬರುವ ಪೈಪಿಗೆ ಅಂಟಿಸಿ ಏರಿನಲ್ಲಿ ನೋಡಿದೆವು: 128.

ಕಂಪನಿ ಕೊಟ್ಟ ಕೂಲರ್ ರೇಡಿಯೇಟರ್ ಟ್ಯಾಂಕಿನೊಳಗೇ ಇರುತ್ತದೆ. ಅಲ್ಲಿ ಎಣ್ಣೆ ತಣಿಯೋದು ಎಂಜಿನ್ ನೀರಿನಿಂದ. ನೀರೇ 90 ಡಿಗ್ರಿ ಇದ್ದರೆ ಎಣ್ಣೆ ಅದಕ್ಕಿಂತ ಕೆಳಗೆ ಇಳಿಯೋದಿಲ್ಲ. ಹೊರಗಿನ ಗಾಳಿ ಎಷ್ಟೇ ಬಿಸಿ ಅಂದರೂ 42. ಹಾಗಾಗಿ ಗಾಳಿಗೆ ಒಡ್ಡಿದ ಇನ್ನೊಂದು ಆಯಿಲ್ ಕೂಲರ್ ಹಾಕೋದು ಅಂತ ತೀರ್ಮಾನವಾಯಿತು. ಪೈಪ್ ಮಡಚಿ ರೆಕ್ಕೆ ಹಚ್ಚಿದ್ದು ಅಗ್ಗ. ಪ್ಲೇಟ್‌ಗಳನ್ನು ಒಂದರ ಮೇಲೊಂದು ಜೋಡಿಸಿದ್ದು ಅಷ್ಟೇ ಜಾಗದಲ್ಲಿ ಹೆಚ್ಚು ಬಿಸಿ ತೆಗೆಯುತ್ತದೆ. ಎರಡನೆಯದನ್ನೇ ತರಿಸಿದೆವು. ಅದನ್ನು ಎಸಿ ಕಂಡೆನ್ಸರ್ ಮುಂದೆ, ಬೆರಳಷ್ಟು ಸಂದಿ ಬಿಟ್ಟು, ಪಟ್ಟಿ ಬೆಸೆದು ಕೂರಿಸಿದೆವು. ಎಣ್ಣೆ ಮೊದಲು ರೇಡಿಯೇಟರ್, ಆಮೇಲೆ ಹೊಸ ಕೂಲರ್, ಆಮೇಲೆ ಗೇರ್‌ಬಾಕ್ಸ್. ಈ ಸರದಿ ಮುಖ್ಯ. ತಿರುವುಮುರುವಾದರೆ ಗಾಳಿ ತಣಿಸಿದ್ದನ್ನು ರೇಡಿಯೇಟರ್ ನೀರು ಮತ್ತೆ ಬಿಸಿ ಮಾಡಬಹುದು. ಯಾವ ಪೈಪ್ ಹೋಗೋದು, ಯಾವುದು ಬರೋದು ಅಂತ ತಿಳಿಯೋಕೆ ಬೆಳಿಗ್ಗೆ ತಣ್ಣಗಿರುವಾಗ ಎಂಜಿನ್ ಶುರು ಮಾಡಿ ಮುಟ್ಟಿ ನೋಡಿದೆವು. ಗೇರ್‌ಬಾಕ್ಸಿನಿಂದ ಹೊರಡುವುದು ಮೊದಲು ಬೆಚ್ಚಗಾಗುತ್ತದೆ. ಹಳೇ ಎಣ್ಣೆ ಇಳಿಸಿ ಹೊಸದು ತುಂಬಿದೆವು.

ಇಲ್ಲಿವರೆಗೆ ಎಲ್ಲ ಸರಿ. ಇನ್ನು ಹೇಳಲೇಬೇಕಾದ್ದು.

ಕೂಲರ್ ಜೊತೆ ಬಂದ ಹೋಸ್ ಗಿಡ್ಡವಾಯಿತು. ಹೊಸಪೇಟೆಗೆ ಹೋಗಿ ಬಿಸಿ ಎಣ್ಣೆಗೆ ಆಗುವಂಥ ಹೋಸ್ ತರಬೇಕಿತ್ತು. ಸಂಜೆಯಾಗಿತ್ತು, ಹಾಸ್ಟೆಲ್‌ಗೆ ಹಿಂತಿರುಗೋ ಬಸ್ ಹೊತ್ತಾಗಿತ್ತು. ಅಲ್ಲೇ ಇದ್ದ ಸಾಧಾರಣ ಪೆಟ್ರೋಲ್ ಪೈಪ್ ಕತ್ತರಿಸಿ ಹಾಕಿದೆವು. ಲೋಹದ ಪೈಪಿನ ತುದಿಯಲ್ಲಿ ಹೋಸ್ ಜಾರದ ಹಾಗೆ ಉಬ್ಬು ಮಾಡಬೇಕು, ಅದನ್ನೂ ಮಾಡಲಿಲ್ಲ; ನಯವಾದ ತುದಿಗೆ ಒಂದೊಂದು ಕ್ಲಿಪ್ ಬಿಗಿದೆವು. ಎಂಜಿನ್ ಎರಡು ನಿಮಿಷ ಓಡಿಸಿ, ಕೆಳಗೆ ಬಗ್ಗಿ ನೋಡಿ, ಹನಿ ಇಲ್ಲ ಅಂತ ಎದ್ದೆವು. “ಟೆಸ್ಟ್ ಮಾಡಿದ್ರೇನ್ರಪ್ಪಾ?” ಅಂತ ಮಾವ ಕೇಳಿದರು. “ಮಾಡೀವಿ ಮಾವ” ಅಂದೆವು. ಬಸ್ಸಲ್ಲಿ ಕೂತು ರಿಪೋರ್ಟಿನ ಕರಡಿನಲ್ಲಿ ‘ಸೋರಿಕೆ ಪರೀಕ್ಷೆ: ಉತ್ತೀರ್ಣ’ ಅಂತ ಬರೆದದ್ದೂ ಆಯಿತು.

ಮರುದಿನ ರಾತ್ರಿ ಸುರಂಗದ ಕಡೆಯಿಂದ ಒಂದು ಕಾರು ಎಳೆದು ತರುವಾಗ ಹಿಂದಿನ ಕಾರಿನವರು ಹಾರ್ನ್ ಮೇಲೆ ಹಾರ್ನ್ ಹೊಡೆದರಂತೆ. ಅವರ ಗಾಜಿನ ಮೇಲೆ ಕೆಂಪು ಹನಿ ಸಿಡಿಯುತ್ತಿತ್ತು. ಬಿಸಿಗೆ ಮೆತ್ತಗಾದ ಪೈಪ್ ಕ್ಲಿಪ್ಪಿನಿಂದ ಜಾರುತ್ತಾ ಬಂದಿತ್ತು. ಮಾವ ತಕ್ಷಣ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿದರು. ಹೋದದ್ದು ಒಂದೂವರೆ ಲೀಟರ್ ಎಣ್ಣೆ. ಇನ್ನೆರಡು ಕಿಲೋಮೀಟರ್ ಓಡಿಸಿದ್ದರೆ ಗೇರ್‌ಬಾಕ್ಸೇ ಹೋಗುತ್ತಿತ್ತು, ಲಕ್ಷದ ಮೇಲಿನ ಮಾತು.

ಈ ಸುದ್ದಿ ನಮಗೆ ಬೆಳಿಗ್ಗೆ ತಿಳಿಯಿತು, ಅದೂ ಗ್ಯಾರೇಜಿನ ಹುಡುಗನಿಂದ. ಇನ್ನೊಂದು ಸಂಗತಿಯನ್ನೂ ಅವನೇ ಹೇಳಿದ. ಮಾವ ಇಳಿದವರು ಮೊದಲು ತಮ್ಮ ಗಾಡಿಯ ಬಾನೆಟ್ ಎತ್ತಲಿಲ್ಲ. ಟಾರ್ಚ್ ಹಿಡಿದು ವಾಪಸ್ ನಡೆದು, ರಸ್ತೆ ಮೇಲೆ ಎಣ್ಣೆ ಬಿದ್ದ ಕಡೆಯೆಲ್ಲ ಮಣ್ಣು ಹಾಕಿಸಿದರು. “ಬೈಕಿನೋರು ಬಂದ್ರ ಜಾರ್ತಾರ” ಅಂದರಂತೆ. ನಮ್ಮ ಲೆಕ್ಕದ ಗೋಡೆಯಲ್ಲಿ ಆ ಬೈಕಿನವನು ಎಲ್ಲೂ ಇರಲಿಲ್ಲ.

ಆ ದಿನವೇ ಹೋದೆವು. ಬೈಗುಳ ತಿನ್ನೋಕೆ ತಯಾರಾಗಿದ್ದೆವು. ಮಾವ ಚಹಾ ತರಿಸಿದರು. “ಪೈಪ್ ಜಾರೋದು ನಂಗೂ ಆಗೈತಿ. ಆದ್ರ ನೀವು ಟೆಸ್ಟ್ ಮಾಡೀವಿ ಅಂದ್ರಿ. ನಾ ಅದನ್ನ ನಂಬಿ ಹೊರಟೆ” ಅಂದರು. ಅಷ್ಟೇ. ನಮ್ಮಲ್ಲಿ ಯಾರೂ ಚಹಾ ಪೂರ್ತಿ ಕುಡಿಯಲಿಲ್ಲ.

ಎರಡನೇ ಸಲ ಕೆಲಸ ನಿಧಾನಕ್ಕೆ ನಡೆಯಿತು. ಸರಿಯಾದ ಆಯಿಲ್ ಹೋಸ್ ತಂದೆವು, ಪೈಪಿನ ತುದಿಗೆ ಉಬ್ಬು ಮಾಡಿಸಿದೆವು, ಹೋಸ್ ಎಲ್ಲೂ ಲೋಹಕ್ಕೆ ಉಜ್ಜದ ಹಾಗೆ ಕಟ್ಟಿದೆವು. ಎಣ್ಣೆ ಪೂರ್ತಿ ಬಿಸಿಯಾಗುವ ತನಕ ಖಾಲಿ ಗಾಡಿ ಓಡಿಸಿ, ಕೆಳಗೆ ರಟ್ಟು ಹಾಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ರಟ್ಟು ಒಣಗಿದ್ದು ನೋಡಿದ ಮೇಲೇ ಹಿಂದೆ ಕಾರು ಕಟ್ಟಿದ್ದು. ಅದೇ ಏರು, ಅದೇ ಹೊತ್ತು, ಅದೇ ಕಾರು. ಮೀಟರ್ 118 ತೋರಿಸಿತು. ಅಷ್ಟೆಲ್ಲಾ ಮಾಡಿ ಇಳಿದದ್ದು ಬರೀ 10 ಡಿಗ್ರಿ.

ಕೂಲರ್ ಚಿಕ್ಕದಾಯಿತು, ಇನ್ನೂ ದೊಡ್ಡದು ತರಬೇಕು ಅಂತ ನಾವು ಮಾತಾಡುತ್ತಿದ್ದಾಗ ಮಾವ ಕೇಳಿದರು: “ಗಾಳಿ ಎಲ್ಲಿಂದ ಬರತೈತಿ, ಎಲ್ಲಿಗೆ ಹೋಗತೈತಿ?” ಕೂಲರ್ ಹಿಂದೆ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ಇವೆರಡರ ನಡುವೆ ಟಾರ್ಚ್ ಬಿಟ್ಟು ನೋಡಿದರೆ ಬೆಳಕು ಆಚೆ ಬರುತ್ತಲೇ ಇಲ್ಲ. ಅದಿರಿನ ಕೆಂಪು ಧೂಳು, ಹುಳು, ಹುಲ್ಲು ಸೇರಿ ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಎಂಜಿನ್ ಕಡೆಯಿಂದ ಮುಂದಕ್ಕೆ, ರೆಕ್ಕೆಗಳು ಬಗ್ಗದ ಹಾಗೆ ಮೆಲ್ಲಗೆ ನೀರು ಬಿಟ್ಟು ತೊಳೆದೆವು. ನೀರು ತಿಳಿಯಾಗೋಕೆ ಒಂದು ಗಂಟೆ ಹಿಡಿಯಿತು. ಮತ್ತೆ ಅದೇ ಏರು: 106.

ಈ ಓಡಾಟದಲ್ಲಿ ಪಕ್ಕ ಕೂತು ಮೀಟರ್ ನೋಡುತ್ತಿದ್ದವನಿಗೆ ಇನ್ನೊಂದು ಕಂಡಿತು. ಏರಿನಲ್ಲಿ ಗಾಡಿ ಮೇಲಿನ ಗೇರಿಗೆ ಹೋಗುತ್ತೆ, ಎಳೆಯೋಕಾಗದೆ ಕೆಳಗೆ ಬರುತ್ತೆ, ಮತ್ತೆ ಹೋಗುತ್ತೆ. ಕನ್ವರ್ಟರಿನೊಳಗೆ ಎರಡೂ ‘ಫ್ಯಾನ್’ಗಳನ್ನು ಒಟ್ಟಿಗೆ ಹಿಡಿದಿಡುವ ಲಾಕಪ್ ಕ್ಲಚ್ ಇರುತ್ತದೆ; ಅದು ಹಿಡಿದಿದ್ದರೆ ಜಾರಾಟವಿಲ್ಲ, ಬಿಸಿಯೂ ಇಲ್ಲ. ಗೇರ್ ಬದಲಾದಾಗಲೆಲ್ಲ ಅದು ಬಿಟ್ಟು ಬಿಟ್ಟು ಹಿಡಿಯುತ್ತಿತ್ತು. ಲಿವರನ್ನು ‘ಡಿ’ಯಲ್ಲಿ ಬಿಡದೆ ಏರು ಶುರುವಾಗೋ ಮುಂಚೆ 3ಕ್ಕೆ ಹಾಕಿದರೆ ಹೇಗೆ ಅಂತ ಕೇಳಿದೆವು. “ಆಟೋಮ್ಯಾಟಿಕ್ ಅಂದ್ರ ಅದ ಎಲ್ಲಾ ನೋಡಿಕೊಳ್ತೈತಿ ಅಂದುಕೊಂಡಿದ್ದೆ. ಲಾರಿ ಆಗಿದ್ರ ನಾ ಮೊದಲ ಗೇರ್ ಇಳಸ್ತಿದ್ದೆ” ಅಂತ ನಕ್ಕರು ಮಾವ. ಮೀಟರ್ 96ಕ್ಕೆ ನಿಂತಿತು.

ಲೆಕ್ಕ ನೋಡಿ: ದುಡ್ಡು ಕೊಟ್ಟು ತಂದ ಕೂಲರ್ 10 ಡಿಗ್ರಿ ಇಳಿಸಿತು, ಬೋರಿನ ನೀರು 12, ಲಿವರ್ 10. ಕೂಲರ್ ವ್ಯರ್ಥ ಅಂತಲ್ಲ. ಆ ಬಿಸಿಲಿಗೆ, ಆ ಕೆಲಸಕ್ಕೆ ಅದು ಬೇಕೇ ಬೇಕು. ಆದರೆ ನಾವು ಬಿಸಿ ಎಲ್ಲಿ ಹುಟ್ಟುತ್ತೆ, ಎಲ್ಲಿ ತಡೆಯುತ್ತೆ ಅಂತ ನೋಡೋ ಮೊದಲೇ ಪಾರ್ಟ್ ಆರ್ಡರ್ ಮಾಡಿದ್ದೆವು.

ರಿಪೋರ್ಟನ್ನು ತಿದ್ದಿ ಬರೆದೆವು. ಮೊದಲ ಜೋಡಣೆ ಸೋರಿತು, ಪರೀಕ್ಷೆ ಮಾಡದೆಯೇ ಮಾಡಿದ್ದೇವೆ ಅಂದಿದ್ದೆವು ಅಂತ ಅದರಲ್ಲೇ ಹಾಕಿದೆವು. ವೈವಾದಲ್ಲಿ ಪ್ರಶ್ನೆ ಬಂದದ್ದೆಲ್ಲ ಆ ಪುಟದ ಮೇಲೇ. ಅಂಕ ಸ್ವಲ್ಪ ಹೋಯಿತು, ಹೋಗಲಿ.

ಮೊನ್ನೆ ಫೋನ್ ಮಾಡಿದಾಗ ಮಾವ ಗಾಡಿ ಚೆನ್ನಾಗೈತಿ, ಎಣ್ಣೆ ಇನ್ನೂ ಕೆಂಪಗೇ ಐತಿ ಅಂದರು. ತಿಂಗಳಿಗೊಮ್ಮೆ ಜಾಲರಿ ತೊಳೆಯುತ್ತಾರಂತೆ. ಮುಂದಿನ ತಿಂಗಳು ಬಂದು ಹೋಸ್ ಕ್ಲಿಪ್ ಒಮ್ಮೆ ನೋಡಿ ಹೋಗ್ರಿ ಅಂತ ಕರೆದಿದ್ದಾರೆ. ಈ ಸಲ ಕೊನೇ ಬಸ್ಸಿಗೆ ಅಂತ ಹೋಗೋದಿಲ್ಲ, ರಾತ್ರಿ ಅಲ್ಲೇ ಉಳಿದು ಬರ್ತೀವಿ.